ಹುಚ್ಚಮ್ಮನ ಪಟದ ಮೂರು ಸೂಜಿ

"ಕಾಗದ ಎಲ್ಲಾ ಬಿಚ್ಚು ತಾಯಿ, ಓದು, ಒಣಗಿಸು, ಏನಾದ್ರೂ ಮಾಡ್ಕೋ. ಆದ್ರೆ ಈ ಪಟದಲ್ಲಿರೋ ಸೂಜಿ ಮಾತ್ರ ಮುಟ್ಟಬೇಡ."

ದಾಕ್ಷಾಯಣಮ್ಮ ಕಾಗದದ ಪೆಟ್ಟಿಗೆಯೊಳಗಿದ್ದ ಕೆಂಪು ಬಟ್ಟೆಯ ಮಡಿಕೆ ಸರಿಸಿದರು. ಒಳಗೆ ಅಂಗೈಯಗಲದ ದಪ್ಪ ರಟ್ಟಿನ ಮೇಲೆ ಅಂಟಿಸಿದ ಒಂದು ಹಳೆಯ ಫೋಟೋ. ಕಂದುಬಣ್ಣಕ್ಕೆ ತಿರುಗಿದ ಆ ಪಟದಲ್ಲಿ ಇಪ್ಪತ್ತು ಇಪ್ಪತ್ತೆರಡರ ಹೆಂಗಸೊಬ್ಬಳು ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಹಣೆಯ ತುಂಬಾ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಎರಡು ಕಣ್ಣಿಗೆ ಎರಡು, ತುಟಿಗಳ ನಡುವೆ ಒಂದು, ಹೀಗೆ ಮೂರು ಕಬ್ಬಿಣದ ಸೂಜಿಗಳು ರಟ್ಟನ್ನು ತೂರಿ ನಿಂತಿದ್ದವು. ಸೂಜಿಯ ಸುತ್ತ ತುಕ್ಕು ಹರಡಿ, ಕಣ್ಣಿಂದಲೂ ಬಾಯಿಂದಲೂ ಏನೋ ಸೋರಿ ಒಣಗಿದಂತೆ ಕಾಣುತ್ತಿತ್ತು.

ಸುಮನಾಗೆ ನಗು ತಡೆಯಲಾಗಲಿಲ್ಲ. "ಮುಟ್ಟಿದ್ರೆ ಏನಾಗುತ್ತೆ ಅಜ್ಜಿ? ಮಾಟಾನಾ?"

"ನಗಬೇಡ. ನಮ್ಮತ್ತೆಗೆ ಅವರತ್ತೆ ಹೇಳಿದ್ರು, ನನಗೆ ನಮ್ಮತ್ತೆ ಹೇಳಿದ್ರು. ತೆಗೆದ್ರೆ ಈ ಮನೆ ಹೆಣ್ಣುಮಕ್ಕಳಿಗೆ ಆಗಿಬರಲ್ಲ. ನನ್ನ ಕೈ ಮೇಲೆ ಕೈ ಇಟ್ಟು ಆಣೆ ಮಾಡು. ಇಲ್ದಿದ್ರೆ ಪೆಟ್ಟಿಗೆ ಕೊಡಲ್ಲ."

ಆ ಪೆಟ್ಟಿಗೆಗಾಗಿ ಸುಮನಾ ಮೂರು ಸಲ ಭದ್ರಾವತಿಗೆ ಅಲೆದಿದ್ದಳು. ಮುದುಕಿಯ ಒಣಗಿದ ಅಂಗೈ ಮೇಲೆ ಕೈಯಿಟ್ಟು, "ಮುಟ್ಟಲ್ಲ ಅಜ್ಜಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ರಶ್ಮಿ ನಾಚಿಕೆಯಿಂದ ಮುಖ ತಿರುಗಿಸಿಕೊಂಡಳು.

ಇದು ನಡೆದದ್ದು ಎರಡು ಸಾವಿರದ ಒಂದನೇ ಇಸವಿಯ ಫೆಬ್ರವರಿಯಲ್ಲಿ. ಹಳೆಯ ಕಾಗದ, ಹಳೆಯ ಫೋಟೋಗಳನ್ನು ಹುಳು ಮತ್ತು ತೇವದಿಂದ ಉಳಿಸುವ ಕೆಲಸವನ್ನು ಮೈಸೂರಿನಲ್ಲಿ ಕಲಿತಿದ್ದ ಸುಮನಾ ಶಿವಮೊಗ್ಗಕ್ಕೆ ಬಂದು ಐದು ತಿಂಗಳಾಗಿತ್ತು. ಊರಿನ ನಾಲ್ಕಾರು ಮನೆತನದವರು ಸೇರಿ ಕಟ್ಟಿದ್ದ ಸಣ್ಣ ಟ್ರಸ್ಟೊಂದು ಅವಳನ್ನು ಕರೆಸಿಕೊಂಡಿತ್ತು. ಮನೆಮನೆಯ ಅಟ್ಟದಲ್ಲಿ ಗೆದ್ದಲು ತಿನ್ನುತ್ತಿದ್ದ ಪತ್ರ, ಪಟಗಳನ್ನು ಸಂಗ್ರಹಿಸಿ ಏಪ್ರಿಲ್‌ನಲ್ಲಿ ಪ್ರದರ್ಶನ ಮಾಡುವುದು ಅವರ ಯೋಚನೆ. ಎಂ.ಎ. ಓದುತ್ತಿದ್ದ ರಶ್ಮಿ ಅದನ್ನು ಕೇಳಿ ತಾನಾಗಿಯೇ ಬಂದಿದ್ದಳು. "ನಮ್ಮನೇಲಿ ನೂರು ವರ್ಷದ ಹಿಂದಿನ ಕಾಗದ ಇದಾವೆ ಅಕ್ಕಾ. ಅಜ್ಜಿ ಯಾರಿಗೂ ತೋರಿಸಲ್ಲ. ಪೆಟ್ಟಿಗೆಗೆ ಗೆದ್ದಲು ಹತ್ತಿದೆ" ಎಂದಿದ್ದಳು. ವಚನ ಹಾಡುತ್ತಿದ್ದ ಹುಡುಗಿ. ಮಾತಾಡಿದರೂ ಹಾಡಿದಂತೆಯೇ ಇರುತ್ತಿತ್ತು. ಅವಳನ್ನು ಕಂಡರೆ ಸುಮನಾಗೆ ಅಕ್ಕರೆ.

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಟ್ರಸ್ಟಿನ ಆಫೀಸು. ಅದರ ಮೇಲಿನ ಕೋಣೆಯೇ ಸುಮನಾಳ ಕೆಲಸದ ಜಾಗ. ಹಳೆಯ ಫೋಟೋಗಳಿಗೆ ಬಿಸಿಲು ಆಗದು. ಅದಕ್ಕೇ ಕಿಟಕಿಗಳಿಗೆಲ್ಲ ಕರಿಬಟ್ಟೆ ಹೊಡೆಸಿದ್ದಳು. ಹೊರಗೆ ಫೆಬ್ರವರಿಯ ಬಿಸಿಲು ಉರಿಯುತ್ತಿದ್ದರೆ ಒಳಗೆ ಹಗಲೂ ಕತ್ತಲೆ. ಮೇಜಿನ ಮೇಲೆ ಬಾಗಿದ ಒಂದೇ ದೀಪ. ಅದರ ಬೆಳಕಿನಲ್ಲಿ ಅವಳು ಪತ್ರಗಳನ್ನು ಒಂದೊಂದಾಗಿ ಬಿಡಿಸಿದಳು. ಮೆತ್ತನೆಯ ಬ್ರಶ್ಶಿನಿಂದ ಗೆದ್ದಲಿನ ಮಣ್ಣು ತೆಗೆದು, ಹರಿದಲ್ಲಿ ತೆಳುಕಾಗದ ಅಂಟಿಸಿ, ಒತ್ತುಗಾಗದದ ನಡುವೆ ಮಲಗಿಸಿದಳು. ಒಟ್ಟು ಹತ್ತೊಂಬತ್ತು ಪತ್ರ. ಎಲ್ಲವೂ ಒಬ್ಬನೇ ಬರೆದವು.

"ಬೆಂಕಿಪುರದ ಭಾವ ಉಜ್ಜನಪ್ಪನವರಿಗೆ ಹೊಳೆಹೊನ್ನೂರಿನಿಂದ ಧರ್ಮಪ್ಪನ ಶರಣಾರ್ಥಿಗಳು" ಎಂದು ಶುರುವಾಗುತ್ತಿದ್ದವು. ಭದ್ರಾವತಿಗೆ ಆಗ ಬೆಂಕಿಪುರವೆಂದು ಹೆಸರು. ಸರ್ವಧಾರಿ ಸಂವತ್ಸರ, ಎಂದರೆ ಸಾವಿರದ ಎಂಟುನೂರ ಎಂಬತ್ತೆಂಟು. ಮೊದಲ ಪತ್ರದಲ್ಲಿ ಸಂತೋಷವಿತ್ತು. ಶಿವಮೊಗ್ಗಕ್ಕೆ ಪಟ ತೆಗೆಯುವವನು ಬಂದಿದ್ದ, ತವರಿಗೆ ಬಂದಿದ್ದ ತಂಗಿ ಹುಚ್ಚಮ್ಮನ ಪಟ ತೆಗೆಸಿದೆ, ನಿಮಗೆಂದೇ ಕಳಿಸಿದ್ದೇನೆ, ಜೋಪಾನ. ಆರನೆಯ ಪತ್ರದಲ್ಲಿ ಅನುಮಾನ. ತಂಗಿಯ ಕಣ್ಣು ಮಂಜಾಗಿದೆಯೆಂದು ಸಂತೆಗೆ ಬಂದವರು ಹೇಳಿದರು, ನಿಜವೇ? ಹತ್ತನೆಯದರಲ್ಲಿ: ಅವಳಿಗೆ ಮಾತು ನಿಂತಿದೆಯಂತೆ, ಏನಾಯಿತು? ಹದಿನಾಲ್ಕನೆಯದರಲ್ಲಿ: ನಿಮ್ಮ ಬಾಗಿಲಿಗೆ ಬಂದವನನ್ನು ಒಳಗೆ ಕರೆಯಲಿಲ್ಲ, ಆಗಲಿ, ಅವಳ ಮುಖವನ್ನಾದರೂ ತೋರಿಸಬಹುದಿತ್ತು. ಕೊನೆಯ ಪತ್ರ ಎರಡೇ ಸಾಲು. "ತಂಗಿ ಬದುಕಿದ್ದಾಳೋ ಇಲ್ಲವೋ, ಅಷ್ಟನ್ನು ಮಾತ್ರ ತಿಳಿಸಿ. ಬೇರೇನೂ ಕೇಳುವುದಿಲ್ಲ."

ಸುಮನಾ ಆ ಪತ್ರವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಪಟವನ್ನು ಬೆಳಕಿನಡಿ ತಂದು ನೋಡಿದಳು. ಜಿಲ್ಲೆಯಲ್ಲಿ ಇಷ್ಟು ಹಳೆಯ, ಇಷ್ಟು ಚೆಂದದ ಹೆಂಗಸಿನ ಪಟವನ್ನು ಅವಳು ಕಂಡಿರಲಿಲ್ಲ. ಪ್ರದರ್ಶನದ ಬಾಗಿಲಲ್ಲೇ ಇದನ್ನಿಡಬೇಕು. ಆದರೆ ಕಣ್ಣಲ್ಲಿ ಸೂಜಿ ಇರುವ ಪಟವನ್ನು ಹೇಗೆ ಇಡುವುದು? ತುಕ್ಕು ಬೇರೆ ದಿನದಿನಕ್ಕೆ ಹರಡುತ್ತಿದೆ. ಇನ್ನು ಹತ್ತು ವರ್ಷಕ್ಕೆ ಮುಖವೇ ಉಳಿಯುವುದಿಲ್ಲ.

ಎರಡು ವಾರ ಆಣೆ ನೆನಪಾಯಿತು. ಮೂರನೇ ವಾರ ಅದಕ್ಕೊಂದು ಉಪಾಯ ಹೊಳೆಯಿತು. ಸೂಜಿ ತೆಗೆದು, ತುಕ್ಕು ಶುಚಿ ಮಾಡಿ, ಪ್ರದರ್ಶನ ಮುಗಿದ ಮೇಲೆ ಅದೇ ತೂತುಗಳಿಗೆ ಸೂಜಿ ಇಟ್ಟು ಬಟ್ಟೆ ಸುತ್ತಿ ಕೊಟ್ಟರಾಯಿತು. ಅಜ್ಜಿಗೆ ಗೊತ್ತಾಗುವುದಿಲ್ಲ. ಹೀಗೆ ಅಂದುಕೊಂಡಾಗ ಎದೆಯಲ್ಲೊಂದು ಸಣ್ಣ ಮುಳ್ಳು ಆಡಿತು. ಸುಮನಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಗುರುವಾರ, ಹನ್ನೆರಡು ಗಂಟೆಯ ಸುಮಾರು. ತುಕ್ಕಿಗೆ ಎರಡು ಹನಿ ಸ್ಪಿರಿಟ್ ತಾಗಿಸಿ, ಚಿಮಟದಿಂದ ಬಲಗಣ್ಣಿನ ಸೂಜಿಯನ್ನು ಹಿಡಿದು ಮೆಲ್ಲಗೆ ತಿರುವಿದಳು. ಕಿರ್ ಎಂದಿತು. ಹೊರಬಂತು.

ಕೋಣೆಯಲ್ಲಿ ಮುಗ್ಗಿದ ಜೋಳದ ವಾಸನೆ ಹಬ್ಬಿತು. ಎಷ್ಟೋ ಕಾಲ ಮುಚ್ಚಿಟ್ಟ ಜಾಗದ, ಗಾಳಿಯಿಲ್ಲದ, ಬೆಚ್ಚನೆಯ ವಾಸನೆ. ಪಕ್ಕದ ಮನೆಯಲ್ಲಿ ಯಾರೋ ಧಾನ್ಯ ಹರವಿರಬೇಕು ಎಂದುಕೊಂಡಳು. ಎಡಗಣ್ಣಿನದನ್ನು ಹಿಡಿದಳು. ಅದು ಬಿಗಿಯಾಗಿತ್ತು. ಎಳೆದಾಗ ಚಿಮಟ ಜಾರಿ ಅವಳ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಒರೆಸಿಕೊಂಡು ಮತ್ತೆ ಎಳೆದಳು. ಬಂತು. ಭೂತಗನ್ನಡಿ ಹಿಡಿದು ಬಗ್ಗಿ ನೋಡಿದಳು. ತೂತುಗಳು ಕಣ್ಣಿನ ಪಾಪೆಯ ನಟ್ಟನಡುವೆ ಇದ್ದವು. ಪಟದ ಹೆಂಗಸು ಈಗ ನೇರ ಅವಳನ್ನೇ ನೋಡುತ್ತಿದ್ದಳು. ಸುಮನಾ ಗಾಜನ್ನು ಎಡಕ್ಕೆ ಸರಿಸಿದಳು. ನೋಟವೂ ಎಡಕ್ಕೆ ಸರಿಯಿತು.

ಬೆಳಕಿನ ಆಟ, ಎಂದು ಗಟ್ಟಿಯಾಗಿಯೇ ಹೇಳಿಕೊಂಡಳು. ಅವಳ ದನಿ ಆ ಕತ್ತಲಲ್ಲಿ ಬೇರೆಯವರದೆಂಬಂತೆ ಕೇಳಿತು.

ಬಾಯಿಯ ಸೂಜಿ ಸಲೀಸಾಗಿ ಬಂತು. ಅದು ಬಂದ ಕೂಡಲೇ ಕಿವಿಯ ಪಕ್ಕದಲ್ಲೇ, ಬಹಳ ಹೊತ್ತು ನೀರಿನಡಿ ಮುಳುಗಿದ್ದವರು ಮೇಲೆದ್ದಂತೆ, ಯಾರೋ ದೀರ್ಘವಾಗಿ ಉಸಿರು ಎಳೆದುಕೊಂಡರು.

ಸುಮನಾ ಎದ್ದು ಕಿಟಕಿಯ ಬಟ್ಟೆ ಕಿತ್ತೆಸೆದಳು. ಬಿಸಿಲು ಒಳಗೆ ಸುರಿಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕೆಳಗೆ ಆಫೀಸಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು.

ರಶ್ಮಿಯ ಅಪ್ಪ ವಿಜಯಕುಮಾರ್. "ಮೇಡಂ, ಪಟ ತಗೊಂಡು ಕೂಡ್ಲೇ ಬರ್ಬೇಕಂತೆ. ಅಮ್ಮ ಅದೊಂದೇ ಹೇಳ್ತಿದಾರೆ. ರಶ್ಮಿಗೆ ಕಣ್ಣು ಕಾಣ್ತಿಲ್ಲ."

"ಯಾವಾಗಿಂದ?"

"ಈಗ, ಹನ್ನೆರಡು ಗಂಟೆಗೆ. ಹಾಡ್ತಾ ಕೂತಿದ್ಲು ಮೇಡಂ. ಒಂದು ಕಣ್ಣು ಹೋಯ್ತು ಅಂದ್ಲು. ಆಮೇಲೆ ಇನ್ನೊಂದು. ಆಮೇಲೆ... ಬೇಗ ಬನ್ನಿ."

ಸೂಜಿಗಳನ್ನು ಖಾಲಿ ಫಿಲ್ಮ್ ಡಬ್ಬಿಗೆ ಹಾಕಿಕೊಂಡು, ಪಟವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ತುರುಕಿ, ಸಿಕ್ಕಿದ ಬಸ್ಸು ಹತ್ತಿದಳು. ಮಲವಗೊಪ್ಪ ದಾಟುವಾಗ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತಾ ನಿಂತೇಬಿಟ್ಟಿತು. ತೊಡೆಯ ಮೇಲಿದ್ದ ಬ್ಯಾಗು ಮೆಲ್ಲಗೆ ಉಬ್ಬಿ, ಮೆಲ್ಲಗೆ ಇಳಿಯುತ್ತಿತ್ತು. ಬಸ್ಸಿನ ಅಲುಗಾಟ ಎಂದುಕೊಂಡಳು. ಬಸ್ಸು ಅಲುಗಾಡುತ್ತಿರಲಿಲ್ಲ. ನನ್ನಿಂದಲೇ, ನನ್ನಿಂದಲೇ ಎಂಬ ಒಂದೇ ಮಾತು ಅವಳ ತಲೆಯಲ್ಲಿ ಗಾಣದಂತೆ ತಿರುಗುತ್ತಿತ್ತು.

ಭದ್ರಾವತಿಯಲ್ಲಿ ಇಳಿದಾಗ ಕಾಗದದ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೇಯುವ ಬಿದಿರಿನ ಆ ಘಾಟಿನ ನಡುವೆಯೂ ಅವಳ ಮೂಗಿಗೆ ಮುಗ್ಗಿದ ಜೋಳದ ವಾಸನೆಯೇ ಬಡಿಯಿತು. ಹಳೇಪೇಟೆಯ ಆ ಮನೆಯ ಹೊಸ್ತಿಲು ದಾಟಿದಾಗ ಅದು ಇನ್ನೂ ದಟ್ಟವಾಯಿತು.

ನಡುಮನೆಯ ಬಾಗಿಲು ಕಿಟಕಿ ಎಲ್ಲವನ್ನೂ ದಾಕ್ಷಾಯಣಮ್ಮ ಮುಚ್ಚಿಸಿದ್ದರು. ಪರೀಕ್ಷಿಸಿದ ಡಾಕ್ಟರು ಶಿವಮೊಗ್ಗಕ್ಕೆ ಕರೆದೊಯ್ಯಿರಿ ಅಂದಿದ್ದರಿಂದ ವಿಜಯಕುಮಾರ್ ಕಾರು ತರಲು ಹೋಗಿದ್ದರು. ಕತ್ತಲಲ್ಲಿ ಒಂದು ಎಣ್ಣೆದೀಪ. ಚಾಪೆಯ ಮೇಲೆ ರಶ್ಮಿ ಗೋಡೆಗೆ ಒರಗದೆ ನೆಟ್ಟಗೆ, ಕಾಣದ ಕುರ್ಚಿಯ ಅಂಚಿನಲ್ಲಿ ಕೂತವಳಂತೆ ಕೂತಿದ್ದಳು. ಕಣ್ಣು ತೆರೆದಿದ್ದವು. ಹಳೆಯ ಫೋಟೋಗಳ ಕರಿಭಾಗದ ಮೇಲೆ ಬೆಳ್ಳಿಯ ಪೊರೆಯೊಂದು ಏಳುತ್ತದೆ. ಅಂಥದೇ ಪೊರೆ ಆ ಕಣ್ಣುಗಳ ಮೇಲೆ ಮಿಂಚುತ್ತಿತ್ತು.

"ತೆಗೆದ್ಯಾ?" ದಾಕ್ಷಾಯಣಮ್ಮ ಕೇಳಿದರು.

ಸುಮನಾ ತಲೆ ತಗ್ಗಿಸಿದಳು. "ತಪ್ಪಾಯ್ತು ಅಜ್ಜಿ."

"ನನ್ನ ಕೈ ಮುಟ್ಟಿ ಹೇಳಿದ್ದೆ ನೀನು." ಮುದುಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈಗ ವಾಪಸ್ ಚುಚ್ಚು. ತೆಗೆದ ಕೈಯೇ ಚುಚ್ಚಬೇಕು. ಬೇಗ. ಇಲ್ದಿದ್ರೆ ನನ್ನ ಕೂಸನ್ನ ಅವಳು ಬಿಡಲ್ಲ, ತಗೊಂಡೇ ಹೋಗ್ತಾಳೆ."

ಆಗ ರಶ್ಮಿ ಮಾತಾಡಿದಳು. ದನಿ ರಶ್ಮಿಯದಲ್ಲ. ಹಾಡಿನ ಸುಳಿವೇ ಇಲ್ಲದ, ಒಣಗಿ ಬಿರಿದ, ಎಷ್ಟೋ ಕಾಲ ಬಳಸದೆ ಬಿಟ್ಟಿದ್ದ ದನಿ.

"ಬೆಳಕು ಕಾಣ್ತದೆ."

ಸುಮನಾಳ ಕೈಯಿಂದ ಡಬ್ಬಿ ಜಾರಿತು. ಸೂಜಿಗಳು ನೆಲದ ಮೇಲೆ ಚೆಲ್ಲಿದವು.

"ತಂಗೀ, ನೀನು ಯಾರೋ, ನಿನ್ನ ಹೊಟ್ಟೆ ತಣ್ಣಗಿರಲಿ. ಕೂತ್ಕೋ. ನಾನು ಹೇಳ್ತೀನಿ. ನೆಲದಡಿ ಜೋಳ ತುಂಬೋ ಹಗೇವಿನ ಬಾಯಿ ತೆಗೆದಿತ್ತು. ಜೋಳ ಖಾಲಿ ಆಗಿತ್ತು. ನಡುಹಗಲು."

"ಕೇಳಬೇಡ! ಚುಚ್ಚು!" ದಾಕ್ಷಾಯಣಮ್ಮ ನೆಲ ತಡವಿ ಸೂಜಿ ಆಯ್ದು ಅವಳ ಕೈಗಿಟ್ಟರು.

ಸುಮನಾ ಪಟವನ್ನು ತೊಡೆಯ ಮೇಲಿಟ್ಟುಕೊಂಡಳು. ರಶ್ಮಿಯ ಮೂಗಿನಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು. ತುಟಿ ನೀಲಿಗಟ್ಟುತ್ತಿದ್ದವು. ಒಂದೊಂದು ಮಾತಿಗೂ ಅವಳ ಎದೆ ಕಿತ್ತುಬರುವಂತೆ ಏಳುತ್ತಿತ್ತು.

"ಮೈದುನ ಸತ್ತು ಆರು ತಿಂಗಳು. ಅವನ ಕೂಸು ನಾಲ್ಕು ವರ್ಷದ್ದು. ಹೊಲದಲ್ಲಿ ಅರ್ಧ ಪಾಲು ಅದಕ್ಕೆ ಬರಬೇಕು. ನನ್ನ ಗಂಡ ಅದನ್ನ ಎತ್ಕೊಂಡು ಬಂದ. ಆಟ ಆಡಿಸ್ತಾನೆ ಅಂದ್ಕೊಂಡೆ. ಹಗೇವಿನೊಳಗೆ ಇಳಿಸಿದ. ಚಪ್ಪಡಿ ಎಳೆದ. ನಾನು ಕೊಟ್ಟಿಗೆ ಕಂಡಿಯಿಂದ ನೋಡಿದೆ."

"ಚುಚ್ಚೇ ತಾಯಿ! ಸಾಯ್ತಾಳೆ ಇವಳು!"

ಸುಮನಾ ಚುಚ್ಚಿದಳು. ಬಲಗಣ್ಣು. ರಟ್ಟು ಮೆತ್ತಗಿತ್ತು, ಮಾಂಸದಂತೆ. ರಶ್ಮಿ ಕಿರುಚಿದಳು. ಬಲಗಣ್ಣಿನ ಪೊರೆ ಹರಿದು ಕಪ್ಪು ಪಾಪೆ ಕಂಡಿತು. ಎಡಗಣ್ಣು. ಮತ್ತೆ ಕಿರುಚು.

"ಕತ್ತಲೆ," ಎಂದಿತು ಆ ದನಿ. "ಮತ್ತೆ ಕತ್ತಲೆ ಮಾಡಿದೆಯಾ ತಂಗಿ? ಇರಲಿ. ಬಾಯಿ ಮುಚ್ಚಬೇಡ. ಒಂದೇ ಮಾತು ಉಳಿದಿದೆ. ಕೂಸು ಕೂಗ್ತಾ ಇತ್ತು. ಮೂರು ದಿನ ಕೂಗ್ತು. ಚಪ್ಪಡಿ ಎತ್ತೋಕೆ ನನ್ನ ಕೈಲಿ ಆಗಲಿಲ್ಲ. ಅದರ ಹೆಸರು ಯಾರೂ ಹೇಳಲಿಲ್ಲ ಆಮೇಲೆ. ನಾನು ಹೇಳ್ತೀನಿ. ಅದರ ಹೆಸರು..."

ರಶ್ಮಿಯ ಉಸಿರು ನಿಂತಿತು. ಎದೆ ಏಳಲಿಲ್ಲ. ದಾಕ್ಷಾಯಣಮ್ಮ ಚೀರಿದರು. ಸುಮನಾ ಕಣ್ಣು ಮುಚ್ಚಿದಳು. ಸೂಜಿ ಒತ್ತಿದಳು. ಹೋಗಲಿಲ್ಲ. ಇನ್ನೂ ಒತ್ತಿದಳು. ಪಟ್ ಎಂದಿತು.

ಆಮೇಲೆ ರಶ್ಮಿ ಕೆಮ್ಮಿದಳು. "ಅಜ್ಜೀ, ಯಾಕೆ ಕತ್ತಲೆ ಮಾಡ್ಕೊಂಡು ಕೂತಿದೀರಾ?" ಎಂದಳು. ಅವಳದೇ ದನಿ.

ಸುಮನಾಳ ಬಾಯಲ್ಲಿ ಕಬ್ಬಿಣದ ರುಚಿ ತುಂಬಿತ್ತು. ಕಣ್ಣು ತೆರೆದು ನೋಡಿದಳು. ಸೂಜಿ ಮುರಿದಿತ್ತು. ಮೇಲಿನ ತುಂಡು ಅವಳ ಬೆರಳಲ್ಲಿ, ಮೊನೆ ಪಟದ ತುಟಿಯೊಳಗೆ ಪೂರ್ತಿ ಹೂತು ಹೋಗಿತ್ತು. ಅದನ್ನು ಇನ್ನು ಯಾರೂ ತೆಗೆಯಲಾರರು. ತೆಗೆಯಲು ಹೋದರೆ ಬಾಯಿ, ಕೆನ್ನೆ, ಇಡೀ ಮುಖವೇ ಪುಡಿಯಾಗಿ ಉದುರುತ್ತದೆ. ಅವಳ ಕೆಲಸವೇ ಅದು, ಅವಳಿಗೆ ಗೊತ್ತಿತ್ತು.

ರಶ್ಮಿಗೆ ನೀರು ಕುಡಿಸಿ ಮಲಗಿಸಿದರು. ಹುಡುಗಿ ಒಂದೇ ಗಳಿಗೆಯಲ್ಲಿ ನಿದ್ದೆಹೋದಳು. ಸುಮನಾ ಪಟವನ್ನು ಸುತ್ತಲೆಂದು ಎತ್ತಿಕೊಂಡಾಗ ರಟ್ಟಿನ ಹಿಂಬದಿ ಬೆರಳಿಗೆ ಒದ್ದೆಯಾಗಿ ತಾಗಿತು. ಮಧ್ಯಾಹ್ನ ಅವಳೇ ಹಾಕಿದ್ದ ಸ್ಪಿರಿಟ್ಟಿಗೆ ಹಳೆಯ ಅಂಟು ಬಿಟ್ಟು, ಪದರ ಸರಿದು, ನಡುವಿನಿಂದ ನಾಲ್ಕು ಮಡಿಕೆಯ ಕಾಗದವೊಂದು ಇಣುಕುತ್ತಿತ್ತು. ಎಳೆದು ದೀಪಕ್ಕೆ ಹಿಡಿದಳು. ಧರ್ಮಪ್ಪನ ಕೈಬರಹವಲ್ಲ, ಬೇರೆ. ದಪ್ಪ, ಒರಟು ಅಕ್ಷರ.

"ಉಜ್ಜನಪ್ಪನವರಿಗೆ. ನಿಮ್ಮ ಹೆಂಡತಿ ಕಂಡದ್ದನ್ನು ಹೇಳದಂತೆ ಮಂತ್ರದಿಂದ ಕಟ್ಟಿದ್ದೇನೆ. ಎಂದಾದರೂ ಸೂಜಿ ಕಿತ್ತರೆ ಅವಳು ಮನೆಯ ಹೆಣ್ಣೊಬ್ಬಳ ಕಣ್ಣು ಬಾಯಿಗಳನ್ನು ಕೆಲಕಾಲ ಎರವಲು ಪಡೆದು, ಕಂಡದ್ದನ್ನು ಪೂರ್ತಿ ಹೇಳಿ, ಪಡೆದದ್ದನ್ನು ಹಾಗೆಯೇ ಹಿಂತಿರುಗಿಸಿ ಮುಕ್ತಳಾಗುವಳು. ಎರವಲು ಕೊಟ್ಟವಳ ಪ್ರಾಣಕ್ಕೆ ಭಯವಿಲ್ಲ. ಆದರೆ ಪೂರ್ತಿ ಹೇಳಲು ಬಿಡಬಾರದು. ಹೇಳುವ ಮೊದಲೇ ಮತ್ತೆ ಚುಚ್ಚತಕ್ಕದ್ದು."

ಸುಮನಾ ಎರಡು ಸಲ ಓದಿದಳು. ಪ್ರಾಣಕ್ಕೆ ಭಯವಿಲ್ಲ. ಉಳಿದದ್ದು ಒಂದು ಮಾತು. ಒಂದು ಹೆಸರು.

"ನಿಮಗೆ ಗೊತ್ತಿತ್ತಾ ಅಜ್ಜಿ?"

ದಾಕ್ಷಾಯಣಮ್ಮ ದೀಪದ ಬತ್ತಿ ಸರಿಪಡಿಸುತ್ತಾ ಕೂತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು. "ಕಾಗದ ಇರೋದು ಗೊತ್ತಿರಲಿಲ್ಲ. ವಿಷಯ ಗೊತ್ತಿತ್ತು. ನಾನು ಈ ಮನೆಗೆ ಬಂದ ವರ್ಷ ಮಾಡಬಾರದ್ದು ಮಾಡಿ ಬಾಯಿ ಸೂಜಿ ತೆಗೆದಿದ್ದೆ. ನಮ್ಮ ನಾದಿನಿ ಪುಷ್ಪಮ್ಮನ ಬಾಯಲ್ಲಿ ಹುಚ್ಚಮ್ಮ ಮಾತಾಡಿದಳು. ಕೂಸಿನವರೆಗೂ ಬಂದಿತ್ತು. ಅತ್ತೆ ನನ್ನ ಕೈ ಹಿಡಿದು ಚುಚ್ಚಿಸಿದರು."

"ಯಾಕೆ? ಹೇಳಿ ಹೋಗ್ತಿದ್ಲಲ್ಲ!"

"ಹೇಳಿದ ಮೇಲೆ ನಾವು ಇಲ್ಲಿ ಹೇಗೆ ಬದುಕೋದು? ಆ ಹೊಲದ ಅನ್ನ ಉಂಡು ಮಕ್ಕಳನ್ನ ಬೆಳೆಸಿದೀವಿ. ಆ ಹಗೇವಿನ ಮೇಲೇ ನಮ್ಮ ಅಡುಗೆಮನೆ ಇದೆ." ಅವರು ಬೆರಳಿಗಂಟಿದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು. "ಯಾರಾದ್ರೂ ಒಬ್ರು ಕೇಳ್ಲಿ ಅಂತಲೇ ಪೆಟ್ಟಿಗೆ ನಿನಗೆ ಕೊಟ್ಟೆನೋ ಏನೋ. ಆಮೇಲೆ ಹೆದರಿಕೊಂಡೆ. ರಶ್ಮಿ ಸಾಯ್ತಾಳೆ ಅಂತ ನಿನಗೆ ಸುಳ್ಳು ಹೇಳಿದೆ. ಈಗ ನೀನೂ ಚುಚ್ಚಿದೆ. ಚುಚ್ಚಿದವರ ಬಾಯಿಂದ ಆ ಮಾತು ಏಳಲ್ಲ ಮಗಳೇ. ಐವತ್ತು ವರ್ಷದಿಂದ ನೋಡ್ತಾ ಇದೀನಿ."

ಪಟ ಅಜ್ಜಿಯ ಬಳಿಯೇ ಉಳಿಯಿತು, ಪತ್ರಗಳೆಲ್ಲ ಆ ವಾರವೇ ಪೆಟ್ಟಿಗೆ ಸೇರಿ ಭದ್ರಾವತಿಗೆ ವಾಪಸಾದವು. ಹೊಳೆಗೆ ಬಿಡುವುದೋ ಅಟ್ಟಕ್ಕೇರಿಸುವುದೋ, ಸುಮನಾ ಕೇಳಲಿಲ್ಲ. ಹದಿನೈದು ದಿನದ ಮೇಲೆ ರಶ್ಮಿ ಹೊಸಮನೆಗೆ ಬಂದಳು. ಗೆಲುವಾಗಿದ್ದಳು. "ಅವತ್ತು ನನಗೇನಾಯ್ತು ಅಕ್ಕಾ? ನಾನೇನಾದ್ರೂ ಹೇಳಿದ್ನಾ?" ಸುಮನಾ ಬಾಯಿ ತೆರೆದಳು. ನಾಲಿಗೆಯ ಮೇಲೆ ತುಕ್ಕು ಕಬ್ಬಿಣದ ರುಚಿ ಹರಿಯಿತು. ಮೊನೆಯೊಂದು ಅಂಗುಳಿಗೆ ತಾಗಿದಂತಾಯಿತು. "ಏನೂ ಇಲ್ಲ, ಜ್ವರದ ಬಡಬಡಿಕೆ" ಎಂಬ ಮಾತು ಮಾತ್ರ ಹೊರಬಂತು. ಅಜ್ಜಿ ಹೇಳಿದ್ದು ನಿಜ, ನನ್ನನ್ನೂ ಕಟ್ಟಿಹಾಕಿದೆ, ಇನ್ನು ನನ್ನ ಕೈಯಲ್ಲೇನಿದೆ ಎಂದುಕೊಂಡಳು. ಆ ಯೋಚನೆಯಿಂದ ಎಷ್ಟು ನೆಮ್ಮದಿ ಸಿಕ್ಕಿತೆಂದರೆ, ಅವಳಿಗೇ ಅಸಹ್ಯವಾಯಿತು.

ಏಪ್ರಿಲ್‌ನಲ್ಲಿ ಪ್ರದರ್ಶನ ನಡೆಯಿತು. ಬೇರೆ ಮನೆತನಗಳ ಪತ್ರ, ಬೇರೆಯವರ ಪಟ. ಜನ ಬಂದರು, ಮೆಚ್ಚಿದರು. ಕೊನೆಯ ದಿನ ಮಧ್ಯಾಹ್ನ, ಹಾಲ್ ಖಾಲಿಯಾಗಿದ್ದಾಗ, ಬಿಳಿ ಪಂಚೆಯ ಮುದುಕರೊಬ್ಬರು ಒಂದೊಂದೇ ಪಟದ ಮುಂದೆ ನಿಂತು ಹೆಸರು ಓದುತ್ತಾ ಬಂದರು. ಎಲ್ಲ ಮುಗಿಸಿ ಅವಳ ಮೇಜಿನ ಹತ್ತಿರ ನಿಂತರು.

"ನಾನು ಶಿವಯೋಗಪ್ಪ ಅಂತ, ಹೊಳೆಹೊನ್ನೂರು. ಸ್ಕೂಲ್ ಮೇಷ್ಟ್ರಾಗಿದ್ದೆ. ನಮ್ಮ ಮುತ್ತಜ್ಜ ಧರ್ಮಪ್ಪ. ಅವರ ತಂಗೀನ ಬೆಂಕಿಪುರಕ್ಕೆ ಕೊಟ್ಟಿದ್ರಂತೆ. ಹುಚ್ಚಮ್ಮ ಅಂತ ಹೆಸರು. ಆಮೇಲೆ ಸುದ್ದೀನೇ ಇಲ್ಲ. ಸತ್ತಳೋ ಬದುಕಿದ್ಲೋ ಅಂತಾನೂ ತಿಳೀಲಿಲ್ಲ." ಅವರು ಸಂಕೋಚದಿಂದ ನಕ್ಕರು. "ಹಿರಿಯರ ಹಬ್ಬದ ದಿನ ನಮ್ಮನೇಲಿ ಅವಳಿಗೊಂದು ಬಾಳೆಲೆ ಹಾಕ್ತೀವಿ. ಎಡೆ ಬಡಿಸಲ್ಲ. ಬದುಕಿರೋರಿಗೆ ಹಾಗೆ ಬಡಿಸಬಾರದಲ್ಲ. ಖಾಲಿ ಎಲೆ ಹಾಕಿ ತೆಗೀತೀವಿ. ನೂರು ವರ್ಷ ಆಯ್ತು. ನಿಮಗೆ ಎಲ್ಲಾದ್ರೂ ಅವಳ ಹೆಸರಿನ ಕಾಗದ ಗೀಗದ ಸಿಕ್ತಾ ತಾಯಿ?"

ಸುಮನಾ ಬಾಯಿ ತೆರೆದಳು. ತುಕ್ಕಿನ ರುಚಿಗಾಗಿ ಕಾದಳು.

ಬರಲಿಲ್ಲ.

ಮೊನೆ ಚುಚ್ಚಲಿಲ್ಲ. ನಾಲಿಗೆ ಹಗುರವಾಗಿತ್ತು. ಮಾತು ತುದಿಯಲ್ಲೇ ಇತ್ತು. ಸಿಕ್ಕಿದ್ದಾಳೆ, ಹೀಗಾಯಿತು, ಎಡೆ ಬಡಿಸಿ ಎನ್ನಬಹುದಿತ್ತು. ಆದರೆ ಅಷ್ಟು ಹೇಳಿದರೆ, ಮೊನ್ನೆ ಹುಚ್ಚಮ್ಮ ಬಾಯಿ ತೆರೆದಾಗ ಅದನ್ನು ಮುಚ್ಚಿದವರು ಯಾರೆಂಬುದನ್ನೂ ಹೇಳಬೇಕಿತ್ತು.

"ಇಲ್ಲ ಸರ್," ಎಂದಳು. "ಏನೂ ಸಿಕ್ಕಿಲ್ಲ."

"ಇರಲಿ ಬಿಡಿ. ಇದ್ದಿದ್ರೆ ನೀವು ಹೇಳ್ದೆ ಇರ್ತಿದ್ರಾ?" ಶಿವಯೋಗಪ್ಪ ಕೈಮುಗಿದು ಹೊರಟರು. ಮೆಟ್ಟಿಲಿಳಿದು, ರಸ್ತೆ ದಾಟಿ, ಬಿಸಿಲಲ್ಲಿ ನಿಧಾನವಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಕಿಟಕಿಯಿಂದ ಕೂಗಿದ್ದರೆ ಕೇಳಿಸುತ್ತಿತ್ತು. ತಿರುವು ಬರುವವರೆಗೂ ಸುಮನಾ ನೋಡುತ್ತಲೇ ನಿಂತಿದ್ದಳು.